ಮೂರು ದಿನಕ್ಕೆ ಒಂದೇ ಊರು ಸಾಕು

"ಮೂರೇ ದಿನ ರಜೆ. ಪ್ರಾಗ್‌ಗೆ ಹೋಗಲಾ, ಬುಡಾಪೆಸ್ಟ್‌ಗೆ ಹೋಗಲಾ?" ಅಂತ ಗೆಳತಿಯೊಬ್ಬಳು ಕೇಳಿದಳು. ಒಂದು ಚೆಕ್ ದೇಶದ ರಾಜಧಾನಿ, ಇನ್ನೊಂದು ಹಂಗೇರಿಯದು. ಎರಡನ್ನೂ ನೋಡಿಕೊಂಡು ಬಂದುಬಿಡು ಅನ್ನೋರ ಮಾತು ಮಾತ್ರ ಕೇಳಬೇಡ ಅಂದೆ. ನಾನು ಕೇಳಿ ಕೆಟ್ಟಿದ್ದೇನೆ. ಒಂದೂರಿಂದ ಇನ್ನೊಂದೂರಿಗೆ ರೈಲಿನಲ್ಲಿ ಹತ್ತಿರಹತ್ತಿರ ಏಳು ಗಂಟೆ. ಲಗೇಜ್ ಕಟ್ಟೋದು, ಹೊಸ ಹೋಟೆಲ್ ಹುಡುಕೋದು, ಅಲ್ಲಿಗೆ ಒಂದು ದಿನ ಢಮಾರ್.

ಪ್ರಾಗ್ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕೋಟೆಯೊಳಗಿನ ಸೇಂಟ್ ವೀಟಸ್ ಚರ್ಚ್ ಕಟ್ಟೋಕೆ ಶುರು ಮಾಡಿದ್ದು 1344ರಲ್ಲಿ, ಮುಗಿಸಿದ್ದು 1929ರಲ್ಲಿ. ಮೇಸ್ತ್ರಿ ಲೇಟ್ ಮಾಡಿದ ಅಂತ ಬೈಯೋರು ಒಮ್ಮೆ ಹೋಗಿ ನೋಡಬೇಕು. 1410ರ ಗಡಿಯಾರವಂತೂ ಇದ್ದೇ ಇದೆ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಹಗ್ಗ ಎಳೆದು ಗಂಟೆ ಬಾರಿಸುತ್ತದೆ, ಮೇಲಿನ ಕಿಟಕಿಯಲ್ಲಿ ಗೊಂಬೆಗಳು ಸಾಲಾಗಿ ಹೋಗುತ್ತವೆ, ಕೊನೆಗೆ ಚಿನ್ನದ ಹುಂಜ ಕೂಗುತ್ತದೆ. ಹಳೇ ಸೈಕಲ್ ಹಾರನ್ ಹಿಚುಕಿದ ಹಾಗೆ! ಆದರೆ ಅದನ್ನು ನೋಡೋಕೆ ಕತ್ತು ಎತ್ತಿಕೊಂಡು ಜನರ ಮಧ್ಯೆ ನಿಲ್ಲಬೇಕು. ಇಡೀ ಊರೇ ಹಾಗೆ, ನಡೆ, ನಿಲ್ಲು, ಕತ್ತೆತ್ತು. ಸಂಜೆಗೆ ಕಾಲು, ಕುತ್ತಿಗೆ ಎರಡೂ ಹಿಡಿದುಕೊಳ್ಳುತ್ತವೆ.

(ದುಡ್ಡು ಬದಲಾಯಿಸುವಾಗ ಹುಷಾರು. ಅಲ್ಲಿ ನಡೆಯೋದು ಕೊರುನಾ ಅನ್ನೋ ಹಣ. ಒಂದು ಅಂಗಡಿಯಲ್ಲಿ ನನಗೆ ಚೆನ್ನಾಗಿ ಟೋಪಿ ಬಿತ್ತು. 2019ರಿಂದ ಒಂದು ಕಾನೂನು ಇದೆ, ಮೂರು ಗಂಟೆಯೊಳಗೆ ರಸೀದಿ ಸಮೇತ ಹೋದರೆ ದುಡ್ಡು ವಾಪಸ್ ಕೊಡಬೇಕು. ನನಗೆ ಗೊತ್ತಾಗಿದ್ದು ರಾತ್ರಿ ಊಟದ ಹೊತ್ತಿಗೆ.)

ಮೂರು ದಿನದ ರಜೆಯಲ್ಲಿ ಸುಮ್ನೆ ಕೂತಿರೋಕೂ ಸ್ವಲ್ಪ ಹೊತ್ತು ಬೇಕು, ಅಲ್ವಾ? ಅದಕ್ಕೇ ನನ್ನ ಓಟು ಬುಡಾಪೆಸ್ಟ್‌ಗೆ. ಡ್ಯಾನ್ಯೂಬ್ ನದಿಯ ಒಂದು ಕಡೆ ಗುಡ್ಡದ ಬುಡಾ, ಇನ್ನೊಂದು ಕಡೆ ಬಯಲಿನ ಪೆಸ್ಟ್. 1873ರವರೆಗೂ ಇವು ಬೇರೆ ಬೇರೆ ಊರು. ಪೆಸ್ಟ್ ಕಡೆ 1896ರ ಮೆಟ್ರೋ ಇನ್ನೂ ಓಡುತ್ತಿದೆ. ಆಳಕ್ಕೆ ಇಳಿಯಬೇಕಾಗಿಲ್ಲ, ರಸ್ತೆಯಿಂದ ಒಂದಿಷ್ಟು ಮೆಟ್ಟಿಲು ಇಳಿದರೆ ಪುಟಾಣಿ ಹಳದಿ ಬೋಗಿಗಳು. ಅದನ್ನು ಹತ್ತಿ ಸೇಚೆನಿ ಸ್ನಾನಗೃಹದ ಬಾಗಿಲಿಗೇ ಹೋಗಿ ಇಳಿದೆ.

1913ರ ಕಟ್ಟಡ, ಅರಮನೆಯ ಹಾಗಿದೆ. ಅಂಗಳದಲ್ಲಿ ನೆಲದೊಳಗಿಂದ ಬರುವ ಬಿಸಿನೀರಿನ ಕೊಳ, ಮೇಲೆ ತೆರೆದ ಆಕಾಶ. ಎದೆಮಟ್ಟದ ನೀರಿನಲ್ಲಿ ಇಬ್ಬರು ಅಜ್ಜಂದಿರು ಚೆಸ್ ಆಡುತ್ತಿದ್ದರು. ಒಬ್ಬರ ಬೆರಳೆಲ್ಲ ನೆನೆದು ಸುಕ್ಕಾಗಿತ್ತು. ಕುದುರೆಯನ್ನು ಎತ್ತಿ ಹಿಡಿದು ಯೋಚಿಸಿದರು, ಯೋಚಿಸಿದರು, ಮತ್ತೆ ಅದೇ ಮನೆಯಲ್ಲಿ ಇಟ್ಟರು. ಎದುರಿನವರು ಏನೋ ಬೈದರು. ನಾನು ಅಲ್ಲೇ ಎರಡು ಗಂಟೆ ಕಳೆದೆ. ಪಟ್ಟಿಯಲ್ಲಿದ್ದ ಎರಡು ಮ್ಯೂಸಿಯಂ ತಪ್ಪಿಹೋದವು, ಬೇಜಾರೇನೂ ಆಗಲಿಲ್ಲ.

ಮರುದಿನ ಪಾರ್ಲಿಮೆಂಟ್ ಹತ್ತಿರ ಡ್ಯಾನ್ಯೂಬ್ ದಂಡೆಗೆ ಹೋದೆ. ಅಲ್ಲಿ ಕಬ್ಬಿಣದ ಅರವತ್ತು ಜೊತೆ ಬೂಟುಗಳಿವೆ, 2005ರಲ್ಲಿ ಇಟ್ಟಿದ್ದು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಅಲ್ಲಿನ ನಾಜಿ ಬೆಂಬಲಿಗರು ಯಹೂದಿಗಳನ್ನು ನದಿ ಅಂಚಿನಲ್ಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡು ಹೊಡೆದು ನೀರಿಗೆ ಬೀಳಿಸಿದ್ದರು. ಪುಟ್ಟ ಮಗುವಿನ ಬೂಟೊಂದರಲ್ಲಿ ಮಳೆನೀರು ನಿಂತಿತ್ತು. ಆಮೇಲೆ ಆ ದಿನ ಬೇರೇನೂ ನೋಡಬೇಕು ಅನ್ನಿಸಲಿಲ್ಲ. ರೂಮಿಗೆ ನಡೆದೇ ವಾಪಸ್ ಬಂದೆ.

ನೀರಂದ್ರೆ ಆಗಲ್ಲ, ಕಾಲು ಗಟ್ಟಿ ಇದೆ ಅನ್ನೋರು ಪ್ರಾಗ್‌ಗೇ ಹೋಗಿ. ಬೆಳಿಗ್ಗೆ ಆರಕ್ಕೇ ಎದ್ದು ಚಾರ್ಲ್ಸ್ ಸೇತುವೆಗೆ ಹೋದರೆ ಮೂವತ್ತು ಮೂರ್ತಿಗಳೂ ನಿಮ್ಮವೇ. ಬುಡಾಪೆಸ್ಟ್ ಆದರೆ ಟವೆಲ್, ಈಜುಡುಗೆ, ಹವಾಯಿ ಚಪ್ಪಲಿ ಜೊತೆಗಿರಲಿ. ಚಪ್ಪಲಿ ಮರೆತು ಒದ್ದೆ ನೆಲದ ಮೇಲೆ ಬಾತುಕೋಳಿ ಥರ ನಡೆದವರ ಮಾತು ಇದು.