ಹೈಟಿ ಭೂಕಂಪದ ನಂತರ ಕ್ಲಸ್ಟರ್ ಹುಟ್ಟಿತೇ? ಇಲ್ಲ

"2010ರ ಹೈಟಿ ಭೂಕಂಪದಲ್ಲಿ ಯಾರು ಏನು ಮಾಡಬೇಕೆಂದೇ ಗೊತ್ತಿರಲಿಲ್ಲ, ಅದಕ್ಕೇ ವಿಶ್ವಸಂಸ್ಥೆ ಆಮೇಲೆ ಕ್ಲಸ್ಟರ್ ಪದ್ಧತಿ ತಂದಿತು" ಅಂತ ಒಂದು ಮೆಸೇಜ್ ಓಡಾಡುತ್ತಿದೆ. ಕಾಲವೇ ಹಿಂದುಮುಂದಾಗಿದೆ.

ಕ್ಲಸ್ಟರ್ ಬಂದದ್ದು 2005ರಲ್ಲಿ. ಅನಾಹುತವಾದಾಗ ನೆರವಿನಲ್ಲಿ ನೀರು, ಆರೋಗ್ಯ, ವಸತಿ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಂಸ್ಥೆ ಮುಂದಾಳು, ಅಷ್ಟೇ. ಅದೇ ಅಕ್ಟೋಬರ್‌ನ ಪಾಕಿಸ್ತಾನ ಭೂಕಂಪದಲ್ಲಿ ಮೊದಲ ಸಲ ಬಳಸಿದರು. ಅಂದರೆ ಹೈಟಿಯಲ್ಲಿ ಪದ್ಧತಿ ಇತ್ತು. ಮತ್ತೆ ಎಡವಿದ್ದೆಲ್ಲಿ?

ಜನವರಿ 12ರಂದು ಹೈಟಿಯಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಮಿಷನ್‌ನ ಕಚೇರಿಯಿದ್ದ ಕ್ರಿಸ್ಟೋಫರ್ ಹೋಟೆಲೇ ಕುಸಿಯಿತು. ಮುಖ್ಯಸ್ಥ ಹೇದಿ ಅನ್ನಾಬಿ, ಅವರ ಉಪಮುಖ್ಯಸ್ಥ, ಇಬ್ಬರೂ ತೀರಿಕೊಂಡರು. ನೆರವು ಕೊಡಬೇಕಾದವರೇ ಅವಶೇಷದಡಿ ಸಿಕ್ಕಿಕೊಂಡಿದ್ದರು. ಆಮೇಲೆ ಕ್ಲಸ್ಟರ್‌ಗಳ ಸಭೆಗಳು ನಡೆದದ್ದು ವಿಮಾನ ನಿಲ್ದಾಣದ ಹತ್ತಿರದ ವಿಶ್ವಸಂಸ್ಥೆ ನೆಲೆಯೊಳಗೆ, ಅದೂ ಜಾಸ್ತಿ ಇಂಗ್ಲಿಷಿನಲ್ಲೇ. ಕ್ರಿಯೋಲ್, ಫ್ರೆಂಚ್ ಮಾತಾಡುವ ಸ್ಥಳೀಯ ಸಂಸ್ಥೆಯವರಿಗೆ ಗೇಟು ದಾಟುವುದೇ ಕಷ್ಟ. ಊರಿನವರನ್ನು ಹೊರಗಿಟ್ಟು ಊರು ಕಟ್ಟುವ ಸಭೆ, ವಿಚಿತ್ರ ಅಲ್ವಾ?

ಅದೇ ಮೆಸೇಜಿನಲ್ಲಿ "ವಿಶ್ವಸಂಸ್ಥೆ ಹೇಳಿದಂತೆ ಎಲ್ಲರೂ ಕೇಳಲೇಬೇಕು" ಅಂತಲೂ ಇದೆ. ಹಾಗೇನಿಲ್ಲ. ವಿಶ್ವಸಂಸ್ಥೆಯಲ್ಲಿ ನೆರವಿನ ಕೆಲಸ ಹೊಂದಿಸುವ ತುರ್ತು ಪರಿಹಾರ ಸಂಯೋಜಕರ ಹುದ್ದೆಗೆ 1991ರ ಸಾಮಾನ್ಯ ಸಭೆಯ ನಿರ್ಣಯವೇ ಮೂಲ, ಆದರೆ ಆ ಹುದ್ದೆಯಲ್ಲಿರುವವರು ಸ್ವಯಂಸೇವಾ ಸಂಸ್ಥೆಗಳಿಗೆ ಆರ್ಡರ್ ಮಾಡುವಂತಿಲ್ಲ. ಕೂರಿಸಿ ಮಾತಾಡಿಸಬಹುದು, ಒಪ್ಪಿಸಬಹುದು.

ಹೈಟಿ ಮತ್ತು ಅದೇ ವರ್ಷದ ಪಾಕಿಸ್ತಾನ ಪ್ರವಾಹದ ಪಾಠದಿಂದ ಬಂದದ್ದು ಬೇರೆ: 2011ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ಸುಧಾರಣೆ. ದೊಡ್ಡ ಅನಾಹುತವಾದರೆ ಅನುಭವಿ ನಾಯಕರನ್ನು ಬೇಗ ಕಳಿಸುವುದು ಅದರಲ್ಲಿ ಮುಖ್ಯವಾದದ್ದು.