ರಕ್ತವೋ, ಹುಣಸೆ ರಸವೋ?

ಬೇಸಿಗೆಯ ಮಧ್ಯಾಹ್ನ ಮನೆ ತಂಪಾಗಲೆಂದು ಶಹಾಬಾದ್ ಪರಸಿಯ ಮೇಲೆ ಎರಡು ಕೊಡ ನೀರು ಸುರಿಯುವುದು ಕಲಬುರಗಿಯ ನಮ್ಮ ಮನೆಯ ಪದ್ಧತಿ. ಕಳೆದ ಮೇ ತಿಂಗಳಲ್ಲಿ ಆ ಪದ್ಧತಿಯ ಮೇಲೆ ಕಾಲಿಟ್ಟು ಜಾರಿದೆ. ಹಣೆ ಹೋಗಿ ಬಾಗಿಲ ಚೌಕಟ್ಟಿಗೆ ಬಡಿಯಿತು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ.

ಮರುದಿನ ಭಾಲ್ಕಿಯಲ್ಲಿ ತಂಗಿಯ ಮಗಳ ಕುಬಸ. ಬರಲಾಗದು ಎಂದು ಬಾಯಿಮಾತಿನಲ್ಲಿ ಹೇಳಿದರೆ ಬಿಸಿಲಿಗೆ ಹೆದರಿದ ಎನ್ನುತ್ತಾರೆ. ಅದಕ್ಕೇ, ಆಟೊ ಬರುವವರೆಗೆ ಅರ್ಧ ಗಂಟೆ ಟವೆಲ್ ಒತ್ತಿಕೊಂಡು ಕುಳಿತಿದ್ದಾಗ ಹೆಂಡತಿ ತೆಗೆದಿದ್ದ ಹನ್ನೆರಡು ಸೆಕೆಂಡಿನ ವಿಡಿಯೊವನ್ನು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ನಾಲ್ಕು ಜನ ಅಯ್ಯೋ ಪಾಪ ಎಂದಾರು ಎಂದುಕೊಂಡಿದ್ದೆ. ಎದ್ದು ಕುಳಿತದ್ದು ತನಿಖಾ ಆಯೋಗ.

ಮೊದಲ ಆಕ್ಷೇಪ ಸೇಡಂ ಕಾಕಾ ಅವರದು. ‘ರಕ್ತ ಕಂದು ಬಣ್ಣದ್ದಿರುತ್ತದೆಯೇ ತಮ್ಮಾ? ಇದು ಹುಣಸೆ ರಸ.’ ಕಾಕಾ ಸುಮ್ಮನೆ ಮಾತನಾಡುವವರಲ್ಲ. ನಿವೃತ್ತಿಯಾದಾಗಿನಿಂದ ಬೆಳಿಗ್ಗೆ ಎಡಗೈಯಲ್ಲಿ ಸುಸಲಾ ತಟ್ಟೆ, ಬಲಗೈಯಲ್ಲಿ ಮೊಬೈಲ್. ಮಗುಚಿದ ಟ್ರ್ಯಾಕ್ಟರ್, ಸಿಡಿದ ಸಿಲಿಂಡರ್, ಹೋರಿ ತಿವಿದ ಹೊಟ್ಟೆ, ಎಲ್ಲವನ್ನೂ ಒಂದರ ಹಿಂದೊಂದು ನೋಡಿ, ತುತ್ತು ನುಂಗುವುದರೊಳಗೆ ‘ಅಸಲಿ’, ‘ನಕಲಿ’ ಎಂದು ತೀರ್ಪು ಕೊಡುತ್ತಾರೆ. ಸುಸಲಾದಲ್ಲಿ ಶೇಂಗಾ ಕಡಿಮೆಯಾದರೆ ಮಾತ್ರ ಅವರ ಮುಖ ಬಾಡುತ್ತದೆ.

ಕಂದಾಗುವುದೇ ಅಸಲಿ ರಕ್ತದ ಗುಣ ಎಂದು ಕಾಕಾಗೆ ಹೇಳುವವರು ಯಾರು? ಮೈಯಿಂದ ಹೊರಬಿದ್ದ ರಕ್ತದ ಹಿಮೋಗ್ಲೋಬಿನ್ ಗಾಳಿಯಲ್ಲಿ ಉತ್ಕರ್ಷಣಗೊಂಡು ಬಣ್ಣಗೆಡುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗಂತೂ ಟವೆಲಿನ ಅಂಚು ಆಟೊ ಬರುವ ಮೊದಲೇ ಒಣಗಿ ಕಂದಾಗಿತ್ತು. ಗಂಟೆಗಟ್ಟಲೆ ಕೆಂಪಗೆ ಮಿರುಗುತ್ತಿರುವುದು ಸಿನಿಮಾದವರ ರಕ್ತ: ಸಕ್ಕರೆ ಪಾಕಕ್ಕೆ ಬಣ್ಣ ಕಲಸಿದ್ದು. ಕಪ್ಪು ಬಿಳುಪಿನ ಕಾಲದಲ್ಲಿ ಚಾಕೊಲೇಟ್ ಪಾಕವನ್ನೇ ರಕ್ತವೆಂದು ಹರಿಸಿದವರಿದ್ದಾರೆ. ಅರವತ್ತು ವರ್ಷ ಪಾಕವನ್ನು ನೋಡಿ ಪಳಗಿದ ಕಣ್ಣಿಗೆ ನನ್ನ ರಕ್ತ ಸಪ್ಪೆಯೆನಿಸಿದ್ದರೆ ತಪ್ಪು ನನ್ನದೇ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಓದುವ ಸೋದರಳಿಯ ವಿಡಿಯೊ ಹಿಗ್ಗಿಸಿ ನೋಡಿ ಗಾಯದ ಸುತ್ತ ಚೌಕ ಚೌಕ ಕಾಣುತ್ತಿದೆ, ಎಡಿಟ್ ಮಾಡಿದ್ದಾರೆ ಎಂದ. ವಾಟ್ಸ್‌ಆ್ಯಪ್ ವಿಡಿಯೊವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಹಾಗೆ ಹಿಂಡಿದ್ದನ್ನು ಹಿಗ್ಗಿಸಿದರೆ ನನ್ನ ಹಣೆಯೇನು, ಹುಣ್ಣಿಮೆಯ ಚಂದ್ರನೂ ಚೌಕವೇ.

ಆದರೆ ನನ್ನನ್ನು ಮುಳುಗಿಸಿದ್ದು ಯಾದಗಿರಿಯ ಅತ್ತಿಗೆ ಹೆಕ್ಕಿ ತೆಗೆದ ಸಾಕ್ಷ್ಯ. ವಿಡಿಯೊದ ಏಳನೆಯ ಸೆಕೆಂಡಿನಲ್ಲಿ ನನ್ನ ಹೆಂಡತಿಯ ದನಿ ಕೇಳಿಸುತ್ತದೆ: ‘ಪರಸಿಯ ಮೇಲೆ ಬೀಳಿಸಬೇಡಿ, ಈಗಷ್ಟೇ ತೊಳೆದಿದ್ದೇನೆ.’ ಗಂಡನ ತಲೆ ಒಡೆದಾಗ ಯಾವಳಾದರೂ ನೆಲದ ಚಿಂತೆ ಮಾಡುತ್ತಾಳೆಯೇ ಎಂದು ಅತ್ತಿಗೆಯ ಪ್ರಶ್ನೆ. ಮಾಡುತ್ತಾಳೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಸರನ್ನು ಕೇಳಿ. ಗುಂಪಿನಲ್ಲಿ ಅಂಥವರು ಹದಿನಾಲ್ಕು ಮಂದಿ ಇದ್ದರು, ಒಬ್ಬರೂ ಬಾಯಿ ಬಿಡಲಿಲ್ಲ.

ಈ ಪೀಠದ ಕಾನೂನು ವಿಚಿತ್ರವಾದದ್ದು. ಚುನಾವಣೆ ಹತ್ತಿರವಿದ್ದಾಗ ನಮ್ಮ ಪಕ್ಷದವನ ತಲೆಗೆ ಪಟ್ಟಿ ಬಿದ್ದರೆ ಅದು ಅಸಲಿ, ಅವರ ಪಕ್ಷದವನದಾದರೆ ಬರೀ ಹತ್ತಿ. ಗಾಯ ನೋಡುವ ಮೊದಲು ಗಾಯಾಳುವಿನ ಹೆಸರು, ಊರು, ಅಡ್ಡಹೆಸರು ನೋಡಬೇಕು. ವಿಡಿಯೊದ ಒಂದೊಂದು ಚೌಕಟ್ಟನ್ನು ಬಿಡಿಸಿ ಅಂತರಜಾಲದಲ್ಲಿ ಹುಡುಕುವುದು, ಮೊದಲು ಯಾರು ಎಲ್ಲಿ ಹಾಕಿದರೆಂದು ನೋಡುವುದು, ಹಿಂದಿರುವ ಅಂಗಡಿಯ ಫಲಕ, ವಾಹನದ ನಂಬರ್ ಪ್ಲೇಟ್, ನೆರಳಿನ ದಿಕ್ಕು ಗಮನಿಸುವುದು, ಇವೆಲ್ಲ ಕೆಲಸವಿಲ್ಲದವರ ಕೆಲಸ. ಕಾಕಾಗೆ ಸುಸಲಾ ಆರುತ್ತದೆ.

ಈ ಚುರುಕು ಕಣ್ಣು 2018ರಲ್ಲಿ ಎಲ್ಲಿತ್ತೋ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಮಾಡಿದ ಚಿತ್ರವೊಂದು ಆ ವರ್ಷ ನಮ್ಮ ದೇಶವನ್ನೆಲ್ಲ ಸುತ್ತಿತು. ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಮರಳಿ ತಂದು ಬಿಡುತ್ತಾರೆ, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಮರಳಿ ತಂದು ಬಿಡುವ ತುಂಡನ್ನು ಕತ್ತರಿಸಿ ಉಳಿದದ್ದನ್ನು ಹರಿಬಿಟ್ಟರು. ಅಪ್ಪಟ ನಾಟಕ, ಎಲ್ಲರೂ ನಂಬಿದರು, ಯಾರೂ ಹಿಗ್ಗಿಸಿ ನೋಡಲಿಲ್ಲ. ಮಕ್ಕಳ ಕಳ್ಳರ ಗುಲ್ಲು ಊರೂರಿಗೆ ಹಬ್ಬಿತು. ಜುಲೈ 13ರಂದು ನಮ್ಮ ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಜನ ಹೊಡೆದು ಕೊಂದರು. ಅವನ ಜೊತೆಗಾರರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹಾಕಲು ಹೊರಟಿತು. ಐದೇ ಎಂದು ಕಾಕಾ ಆಗ ಬಹಳ ನೊಂದುಕೊಂಡಿದ್ದರು.

ಮೂರನೆಯ ದಿನ ಕಾಕಾ ಸ್ಥಳ ಪರಿಶೀಲನೆಗೆ ಖುದ್ದು ಬಂದರು. ಬರುವಾಗ ಸೂಪರ್ ಮಾರ್ಕೆಟ್‌ನಿಂದ ಅರ್ಧ ಡಜನ್ ಬಾಳೆಹಣ್ಣು ತಂದಿದ್ದರು, ಗಾಯ ಅಸಲಿಯಾದರೆ ಕೊಡಲು. ಕನ್ನಡಕ ಒರೆಸಿಕೊಂಡು ನನ್ನ ಹಣೆಯ ಪಟ್ಟಿಯನ್ನು ಸುತ್ತಲೂ ನೋಡಿದರು. ಆಮೇಲೆ ಹೆಬ್ಬೆರಳಿನಿಂದ, ಮಾವಿನ ಹಣ್ಣು ಮಾಗಿದೆಯೇ ಎಂದು ನೋಡುವವರ ಹಾಗೆ, ಸರಿಯಾಗಿ ಹೊಲಿಗೆಯ ಮೇಲೆ ಒತ್ತಿದರು. ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದರು.

‘ಕೂಗು ಸ್ವಲ್ಪ ತಡವಾಗಿ ಬಂತು’ ಎಂದರು ಕಾಕಾ. ಬಾಳೆಹಣ್ಣಿನಲ್ಲಿ ಮೂರನ್ನು ಇಟ್ಟು ಮೂರನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ಹೊಲಿಗೆ ಬಿಚ್ಚಿಸಿ ಒಂದು ವಾರವಾಗಿರಬೇಕು. ದಾಲ್ ಮಿಲ್ಲಿನಲ್ಲಿರುವ ಗೆಳೆಯನೊಬ್ಬ ಒಂದು ವಿಡಿಯೊ ಕಳಿಸಿದ. ‘ಗುಡ್ಡದ ಬಳಿ ಕರಡಿ ದಾಳಿ, ರೈತ ಗಂಭೀರ, ಎಲ್ಲರಿಗೂ ತಿಳಿಸಿ’ ಎಂಬ ಬರಹ. ಎಷ್ಟು ಕೈ ದಾಟಿ ಬಂದಿತ್ತೋ, ಮುಖವೆಲ್ಲ ಕಲಸಿಹೋಗಿ ಟವೆಲ್ ಒತ್ತಿದ ಒಂದು ಹಣೆ ಮಾತ್ರ ಕಾಣುತ್ತಿತ್ತು. ಬ್ಯಾಂಕಿನ ಸರದಿಯಲ್ಲಿ ನಿಂತಿದ್ದರಿಂದ ದನಿ ಬಂದ್ ಮಾಡಿ ನೋಡಿದೆ. ಕರಡಿಯ ಸುಳಿವಿಲ್ಲ. ಮನುಷ್ಯ ಆರಾಮಾಗಿ ಕುಳಿತಿದ್ದಾನೆ. ರಕ್ತವಂತೂ ನೋಡುವ ಹಾಗಿಲ್ಲ, ಕಂದು.

‘ನಾಟಕ’ ಎಂದು ಬರೆದು ಕಳಿಸಿದೆ.

ಮನೆಗೆ ಬಂದು ದನಿ ಹಾಕಿದೆ. ಏಳನೆಯ ಸೆಕೆಂಡಿನಲ್ಲಿ ರೈತನ ಹೆಂಡತಿ ಹೇಳುತ್ತಿದ್ದಳು: ‘ಪರಸಿಯ ಮೇಲೆ ಬೀಳಿಸಬೇಡಿ, ಈಗಷ್ಟೇ ತೊಳೆದಿದ್ದೇನೆ.’