ಬೈಬಲ್ಲಿನ ನ್ಯಾಯವೆಲ್ಲ ಒಂದೇನಾ?

ಪರ: ಒಂದೇ, ದಾರಿ ಮಾತ್ರ ಉದ್ದ

‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಅಂದ ಕೂಡಲೇ ಜನ ಮುಖ ಹಿಂಡುತ್ತಾರೆ. ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ಬರುವ ಲೆಮೆಕ 77 ಪಟ್ಟು ಸೇಡು ಅಂತ ಕೊಚ್ಚಿಕೊಂಡಿದ್ದ. ಅಂಥವರಿಗೆ ಹಾಕಿದ ಬೇಲಿ ಇದು. ಒಂದಕ್ಕೆ ಒಂದು, ಜಾಸ್ತಿ ಇಲ್ಲ. ಈ ಮಾತಿರುವ ವಿಮೋಚನಕಾಂಡದ 21ನೇ ಅಧ್ಯಾಯವನ್ನು ಇನ್ನೆರಡು ವಚನ ಮುಂದಕ್ಕೆ ಓದಿ. ಯಜಮಾನ ದಾಸನ ಕಣ್ಣು ಹಾಳು ಮಾಡಿದರೆ ದಾಸನಿಗೆ ಬಿಡುಗಡೆ. ಒಂದು ಹಲ್ಲು ಬಿದ್ದರೂ ಬಿಡುಗಡೆ. ಯೇಸು ಆ ಬೇಲಿಯನ್ನು ಇನ್ನೂ ಒಳಕ್ಕೆ ತಂದ, ಸೇಡೇ ಬೇಡ ಅಂದ.

ಮಂಗಳೂರಿನ ಜಂಕ್ಷನ್‌ಗಳಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ಕೂಲಿಗೆ ನಿಂತವರನ್ನು ನೋಡಿದ್ದೀರಲ್ವಾ? ಹತ್ತು ಗಂಟೆಗೂ ಯಾರೂ ಕರೆಯದವನ ಕಣ್ಣು ಪ್ರತಿ ಪಿಕಪ್ ಹಿಂದೆ ಓಡುತ್ತದೆ. ಮತ್ತಾಯ 20ರಲ್ಲಿ ಯೇಸು ಹೇಳಿದ ಕತೆಯ ದ್ರಾಕ್ಷಿತೋಟದ ಯಜಮಾನ ಸಂಜೆ ಐದಕ್ಕೆ ಬಂದವನಿಗೂ ಇಡೀ ದಿನದ ಕೂಲಿ ಕೊಟ್ಟ. ಬೆಳಿಗ್ಗೆಯಿಂದ ದುಡಿದವರಿಗೆ ಉರಿಯಿತು, ನಿಜ. ಆದರೆ ಬಡವನ ಕೂಲಿ ಹೊತ್ತು ಮುಳುಗುವ ಮೊದಲೇ ಕೊಡು, ಅವನು ಅದನ್ನೇ ನಂಬಿದ್ದಾನೆ ಎಂದು ಧರ್ಮೋಪದೇಶಕಾಂಡವೂ ಹೇಳುತ್ತದೆ. ಆ ಕಾಳಜಿಯೇ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಿದೆ.

ವಿರೋಧ: ಹೊಲಿಗೆ ಹಾಕಬೇಡಿ

ತಂದೆಯ ಪಾಪಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ದಂಡನೆ ಎನ್ನುತ್ತದೆ ವಿಮೋಚನಕಾಂಡ 20. ಮಗ ತಂದೆಯ ದೋಷ ಹೊರುವುದಿಲ್ಲ ಎನ್ನುತ್ತದೆ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 18ನೇ ಅಧ್ಯಾಯ. ಇವೆರಡು ಹೇಗೆ ಒಂದಾಗುತ್ತವೆ? ಹೆತ್ತವರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಜುಮ್ಮೆನ್ನುತ್ತದೆ ಎಂಬ ಗಾದೆಯನ್ನೇ ಇನ್ನು ಆಡಬೇಡಿ ಎಂದ ಪ್ರವಾದಿ. ಕೇಳುತ್ತಿದ್ದವರು ಊರು ಕಳೆದುಕೊಂಡು ಬಾಬೆಲಿನಲ್ಲಿ ಸೆರೆಯಾಗಿದ್ದವರು. ಹಳೇ ಮಾತು ಅವರ ಉಸಿರು ಕಟ್ಟಿಸುತ್ತಿತ್ತು.

ಮಂಗಳೂರಿನ ಬಲ್ಮಠದ ಹತ್ತಿರ ಒಂದು ಮನೆ ಪ್ರಾರ್ಥನೆಯಲ್ಲಿ ನಾನೇ ಕಂಡದ್ದು. ಗಂಡನ ಏಟಿಗೆ ಕಿವಿಯ ಕೆಳಗೆ ನೀಲಿಗಟ್ಟಿದ್ದ ಹೆಂಗಸು ಸೆರಗನ್ನು ಮತ್ತೆ ಮತ್ತೆ ಆ ಕಡೆಗೆ ಎಳೆದುಕೊಳ್ಳುತ್ತಿದ್ದಳು. ಒಬ್ಬರು, ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ತೋರಿಸು ಎಂಬ ಯೇಸುವಿನ ವಚನ ಓದಿದರು. ಪ್ರೀತಿಯಿಂದಲೇ ಓದಿದರು. ಅವಳು ತಲೆ ತಗ್ಗಿಸಿದಳು. ಎಲ್ಲ ಒಂದೇ ಅಂದಾಗ ಆಗುವುದು ಇದೇ. ಕೊನೆಗೆ ಹೇಳಿದ ಮಾತು ಮೊದಲಿನದನ್ನೆಲ್ಲ ನುಂಗಿಬಿಡುತ್ತದೆ. ಅವತ್ತು ಅವಳಿಗೆ ಬೇಕಿದ್ದದ್ದು ಹಲ್ಲು ಬಿದ್ದ ದಾಸನಿಗೆ ಸಿಕ್ಕ ಬಿಡುಗಡೆ. ಅದನ್ನು ಯಾರೂ ಓದಲಿಲ್ಲ. ನಾನೂ ಸುಮ್ನೆ ಕೂತಿದ್ದೆ.

ತಪ್ಪಿಲ್ಲದೆ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಮೂವರು ಗೆಳೆಯರೂ ಎಲ್ಲವನ್ನೂ ಹೊಂದಿಸಿ ತೋರಿಸಿದವರೇ. ದೇವರು ನ್ಯಾಯವಂತ, ಹಾಗಾಗಿ ನೀನೇ ಏನೋ ತಪ್ಪು ಮಾಡಿದ್ದೀಯ ಎಂದರು. ಯೋಬ ಒಪ್ಪಲಿಲ್ಲ, ದೇವರ ಜೊತೆಗೇ ಜಗಳಕ್ಕೆ ನಿಂತ. ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗಿದ್ದು ಆ ಗೆಳೆಯರ ಮೇಲೆ.